ಕೃತಜ್ಞತೆಯ ಎರಡು ಸಾಲು

ಈ ಬರಹದಲ್ಲಿ ಯಾರ ಹೆಸರೂ ಬರುವುದಿಲ್ಲ. ಹೆಸರು ಬರೆಯುವ ಚಟ ನನಗೆ ಒಂದು ಕಾಲಕ್ಕೆ ಇತ್ತು, ಈಗ ಬಿಟ್ಟಿದ್ದೇನೆ. ಯಾಕೆ ಬಿಟ್ಟೆ ಎನ್ನುವುದನ್ನೇ ಹೇಳಲು ಕೂತಿದ್ದೇನೆ.

ವಿಜಯಪುರದ ಒಂದು ಪದವಿ ಕಾಲೇಜಿನಲ್ಲಿ ನಾನು ಸಮಾಜಶಾಸ್ತ್ರ ಕಲಿಸುತ್ತೇನೆ. ಮನೆ ಇಬ್ರಾಹಿಂಪುರದಲ್ಲಿ, ರೈಲು ಹೋದಾಗ ಅಡುಗೆಮನೆಯ ಡಬ್ಬಿಗಳು ಗಡಗಡ ಅನ್ನುವಷ್ಟು ಹಳಿಗೆ ಹತ್ತಿರ. ನನ್ನ ಅವ್ವ ಜೀವನವಿಡೀ ಪರರ ಹೊಲದಲ್ಲಿ ಕೂಲಿ ಮಾಡಿದವಳು. ರೇಶನ್ ಕಾರ್ಡು, ಮತದಾರರ ಪಟ್ಟಿ ಬಿಟ್ಟರೆ ಅವಳ ಹೆಸರು ಎಲ್ಲೂ ಅಚ್ಚಾಗಿರಲಿಲ್ಲ. ನಾನು ಪಿಎಚ್.ಡಿ. ಮುಗಿಸಿದಾಗ ಪ್ರಬಂಧದ ಮೊದಲಿಗೆ ಆರು ಪುಟ ಕೃತಜ್ಞತೆ ಬರೆದೆ. ನಗಬೇಡಿ, ನಮ್ಮ ಕಡೆ ಎಲ್ಲರೂ ಹಾಗೇ ಬರೆಯುತ್ತಾರೆ. ಮಾರ್ಗದರ್ಶಕರು, ಅವರ ಧರ್ಮಪತ್ನಿ, ಹಾಸ್ಟೆಲಿನ ಅಡುಗೆಯವರು, ಡಿಟಿಪಿ ಮಾಡಿದವರು, ಝೆರಾಕ್ಸ್ ಅಂಗಡಿಯವರು, ಎಲ್ಲರೂ ಬರಬೇಕು. ಒಬ್ಬರನ್ನು ಬಿಟ್ಟರೂ ವರ್ಷಗಟ್ಟಲೆ ಮುಖ ಗಂಟು ಹಾಕಿಕೊಂಡು ತಿರುಗುತ್ತಾರೆ. ನಮ್ಮಲ್ಲಿ ಪ್ರಬಂಧವನ್ನು ಯಾರೂ ಓದುವುದಿಲ್ಲ, ಕೃತಜ್ಞತೆಯ ಪುಟವನ್ನು ಎಲ್ಲರೂ ಓದುತ್ತಾರೆ.

ಅವ್ವನ ಹೆಸರಿದ್ದ ಸಾಲನ್ನು ನಾನೇ ಬೆರಳಿಟ್ಟು ತೋರಿಸಿದ್ದೆ. ಅವಳಿಗೆ ಓದಲು ಬರುತ್ತಿರಲಿಲ್ಲ. ಆ ಸಾಲಿನ ಮೇಲೆ ಸೆರಗಿನ ತುದಿ ಆಡಿಸಿದಳು, ಅಲ್ಲಿ ಧೂಳು ಕೂತಿದೆ ಅನ್ನುವ ಹಾಗೆ. ಆಮೇಲೆ ಓಣಿಯವರನ್ನೆಲ್ಲ ಕರೆದು ತೋರಿಸಿದಳು. ಪಿಎಚ್.ಡಿ. ಬಂದ ದಿನಕ್ಕಿಂತ ಆ ದಿನ ನನಗೆ ದೊಡ್ಡದು. ನನ್ನ ಅಹಂಕಾರದ ಬೇರು ಅಲ್ಲೇ ಇದೆ ಎಂದು ಈಗ ತಿಳಿಯುತ್ತಿದೆ.

ಚಿಗವ್ವ ನನಗೆ ಸಿಕ್ಕಿದ್ದು ಟಿಕೋಟಾದಲ್ಲಿ. ಸಂಬಂಧದಲ್ಲಿ ಆಕೆ ನನಗೆ ಏನೂ ಅಲ್ಲ. ಮುಖ ನಮ್ಮ ಅವ್ವನ ತಂಗಿಯ ಹಾಗಿತ್ತು, ಅದಕ್ಕೆ ಚಿಗವ್ವ ಎಂದೆ, ಆಕೆ ಓ ಎಂದಳು. ಟಿಕೋಟಾದ ಸುತ್ತ ದ್ರಾಕ್ಷಿ ತೋಟಗಳು, ತೋಟಗಳ ಪಕ್ಕ ದ್ರಾಕ್ಷಿ ಒಣಗಿಸುವ ಶೆಡ್ಡುಗಳು. ಒಣದ್ರಾಕ್ಷಿಗೆ ನಮ್ಮಲ್ಲಿ ಮಣೂಕ ಎನ್ನುತ್ತೇವೆ. ಬೇಸಿಗೆ ಬಂದರೆ ಶೆಡ್ಡುಗಳಲ್ಲಿ ಹೆಂಗಸರಿಗೆ ಕೆಲಸ. ಹಸಿ ದ್ರಾಕ್ಷಿ ಹರವುವುದು, ಒಣಗಿದ್ದನ್ನು ಉದುರಿಸುವುದು, ಕಡ್ಡಿ ತೆಗೆದು ಬಣ್ಣ ನೋಡಿ ಆರಿಸುವುದು. ಬಣ್ಣ ಹಳದಿಯಾಗಿ ನಿಲ್ಲಲಿ ಎಂದು ಕೆಲವು ಶೆಡ್ಡುಗಳಲ್ಲಿ ಗಂಧಕದ ಹೊಗೆ ಕೊಡುತ್ತಾರೆ. ಆ ಹೊಗೆ ಪೂರ್ತಿ ಇಳಿಯುವ ಮೊದಲೇ ಹೆಂಗಸರನ್ನು ಒಳಗೆ ಕಳಿಸಿದರೆ ಅವರ ಕಣ್ಣು, ಎದೆ ಏನಾಗುತ್ತವೆ ಎನ್ನುವುದು ನನ್ನ ಅಧ್ಯಯನದ ವಿಷಯವಾಗಿತ್ತು.

ಮೊದಮೊದಲು ಯಾರೂ ಬಾಯಿ ಬಿಡಲಿಲ್ಲ. “ಏನೂ ಆಗೂದಿಲ್ರಿ, ಆರಾಮ ಅದೀವಿ” ಎನ್ನುತ್ತಿದ್ದರು, ಹೇಳುವಾಗಲೇ ಕೆಮ್ಮುತ್ತಿದ್ದರು. ಬಾಯಿ ಬಿಟ್ಟವಳು ಚಿಗವ್ವ. ಶೆಡ್ಡಿನಿಂದ ದೂರ, ತನ್ನ ಮನೆಯ ಕಟ್ಟೆಯ ಮೇಲೆ ಕೂತು ನಾಲ್ಕು ಭಾನುವಾರ ಹೇಳಿದಳು. ಎಷ್ಟು ಹೊತ್ತು ಹೊಗೆ ಕೊಡುತ್ತಾರೆ, ಯಾವಾಗ ಬಾಗಿಲು ತೆಗೆಯುತ್ತಾರೆ, ಒಳಗೆ ಹೋಗುವಾಗ ಮೂಗಿಗೆ ಸೆರಗು ಹೇಗೆ ಕಟ್ಟಿಕೊಳ್ಳಬೇಕು, ಕಣ್ಣು ಉರಿದರೆ ಯಾಕೆ ಉಜ್ಜಬಾರದು, ಎಲ್ಲ. ಅವಳು ಹೇಳಿದ್ದು ನಿಜವೆಂದು ಗೊತ್ತಾದ ಮೇಲೆ ಉಳಿದ ಹೆಂಗಸರೂ ಒಬ್ಬೊಬ್ಬರಾಗಿ ಮಾತಾಡಿದರು. ನನ್ನ ಲೇಖನದ ಬೆನ್ನೆಲುಬು ಆಕೆ. ಇದನ್ನು ಉಪಚಾರಕ್ಕೆ ಹೇಳುತ್ತಿಲ್ಲ.

ನಾಲ್ಕನೆಯ ಭಾನುವಾರ ನಾನು ಎದ್ದು ಹೊರಟಾಗ ಕೇಳಿದಳು, “ಅಕ್ಕೋರ, ಇದು ಪುಸ್ತಕದಾಗ ಬರ್ತೈತೇನ್ರಿ?”

“ಬರ್ತೈತಿ ಚಿಗವ್ವಾ.”

“ನನ್ನ ಹೆಸರೂ ಬರ್ತೈತೇನ್ರಿ?”

ನನಗೆ ಅವ್ವನ ಸೆರಗು ಕಣ್ಣೆದುರು ಬಂತು. “ಬರ್ತೈತಿ. ಬಂದ ಮ್ಯಾಲ ನಾನ ಬಂದು ಓದಿ ಹೇಳ್ತೀನಿ” ಎಂದೆ. ಆಕೆ ನಕ್ಕಳು. ಹೆಸರು ಬಂದರೆ ಏನಾಗಬಹುದು ಎಂದು ಅವಳಿಗೆ ತಿಳಿಸಿ ಕೇಳಬೇಕಾದವಳು ನಾನು. ಅದನ್ನು ತರಗತಿಯಲ್ಲಿ ಹುಡುಗರಿಗೆ ಪ್ರತಿ ವರ್ಷವೂ ಪಾಠ ಮಾಡುತ್ತೇನೆ.

ಲೇಖನವನ್ನು ಇಂಗ್ಲಿಷಿನಲ್ಲಿ ಬರೆದು ಹೊರದೇಶದ ಒಂದು ಜರ್ನಲಿಗೆ ಕಳಿಸಿದೆ. ಕನ್ನಡದಲ್ಲಿ ಬರೆದರೆ ನಮ್ಮ ಬಡ್ತಿಯ ಲೆಕ್ಕಕ್ಕೆ ಬರುವುದು ಅಷ್ಟಕ್ಕಷ್ಟೆ. ತಿಂಗಳುಗಟ್ಟಲೆ ಕಾದ ಮೇಲೆ ಲೇಖನ ಓದಿ ತೂಗಿ ನೋಡಿದ ಇಬ್ಬರು ಪರಿಶೀಲಕರ ಅಭಿಪ್ರಾಯ ಬಂತು. ಒಬ್ಬರು ಹೊಗಳಿದ್ದರು. ಇನ್ನೊಬ್ಬರು ಕೊನೆಯಲ್ಲಿ ಒಂದು ಮಾತು ಬರೆದಿದ್ದರು: ಕೃತಜ್ಞತೆಯ ಭಾಗದ ಎರಡು ಸಾಲಿನಲ್ಲಿ ಮಾಹಿತಿ ಕೊಟ್ಟ ಕೆಲಸಗಾರ್ತಿಯ ಹೆಸರಿದೆ, ಊರಿದೆ, ಅದನ್ನು ತೆಗೆಯಿರಿ. ಸಂಪಾದಕರೂ ಅದನ್ನೇ ಹೇಳಿದರು. ನನ್ನ ಮಾರ್ಗದರ್ಶಕರ ಹೆಸರು, ಅನುದಾನ ಕೊಟ್ಟವರ ಹೆಸರು ಹಾಗೇ ಇರಬಹುದಂತೆ.

ನನಗೆ ಪಿತ್ತ ನೆತ್ತಿಗೇರಿತು. ಓದಿದವರ ಹೆಸರು ಇರಬೇಕು, ಕೆಮ್ಮಿದವಳದ್ದು ಬೇಡ! ಅಲ್ಲಿ ಕೂತು ಇವರಿಗೆ ನಮ್ಮವರ ಹೆಸರು ಕಸ ಅನ್ನಿಸಿತೇ ಎಂದು ಸ್ಟಾಫ್ ರೂಮಿನಲ್ಲಿ ಕೂಗಾಡಿದೆ. ಆದರೂ ತೆಗೆದೆ. ತೆಗೆಯದಿದ್ದರೆ ಲೇಖನ ಬರುವುದಿಲ್ಲ, ಲೇಖನ ಬರದಿದ್ದರೆ ಬಡ್ತಿ ಇಲ್ಲ. ಹಕ್ಕುಪತ್ರದ ಫಾರ್ಮು ಬಂತು. ಈ ಲೇಖನದ ಹಕ್ಕು ಇನ್ನು ಯಾರದು ಎನ್ನುವುದೊಂದೇ ಅದರಲ್ಲಿದ್ದ ಪ್ರಶ್ನೆ. ನಿಮ್ಮದೇ ಎಂದು ಒಪ್ಪಿ ಸಹಿ ಹಾಕಿದೆ. ಕೆಳಗಿದ್ದ ಷರತ್ತುಗಳ ಒಂದು ಸಾಲನ್ನೂ ಪೂರ್ತಿ ಓದಲಿಲ್ಲ.

ಪ್ರಕಟವಾದ ದಿನ ಕಾಲೇಜಿನ ಗ್ರಂಥಾಲಯಕ್ಕೆ ಹೋಗಿ ಕಂಪ್ಯೂಟರಿನಲ್ಲಿ ಹುಡುಕಿದೆ. ನನ್ನ ಹೆಸರು ಬಂತು, ಸಾರಾಂಶ ಬಂತು. ಮುಂದೆ ಒತ್ತಿದರೆ ದುಡ್ಡು ಕೇಳಿತು, ಅದೂ ಡಾಲರಿನಲ್ಲಿ. ನಾನು ಬರೆದದ್ದನ್ನು ಓದಲು ನಾನೇ ದುಡ್ಡು ಕೊಡಬೇಕು!

ನಮ್ಮ ಗ್ರಂಥಪಾಲಕರು ಪಕ್ಕದಲ್ಲೇ ನಿಂತಿದ್ದರು. ನಿವೃತ್ತಿಗೆ ಹತ್ತಿರವಾದ, ಮೆಲ್ಲಗೆ ಮಾತಾಡುವ ಮನುಷ್ಯ. ಕಾಲೇಜಿನ ರೆಪಾಸಿಟರಿ ನೋಡಿಕೊಳ್ಳುವವರು ಅವರೇ. ರೆಪಾಸಿಟರಿ ಅಂದರೆ ನಮ್ಮ ಅಧ್ಯಾಪಕರು ಬರೆದದ್ದನ್ನೆಲ್ಲ ಒಂದೆಡೆ ಇಟ್ಟು, ಜಗತ್ತಿನ ಯಾರು ಬೇಕಾದರೂ ಪುಕ್ಕಟೆ ಓದಲಿ ಎಂದು ಬಾಗಿಲು ತೆರೆದಿಡುವ ಜಾಲತಾಣದ ಭಂಡಾರ.

“ಸರ್, ಇದನ್ನ ನಮ್ಮ ಭಂಡಾರದಾಗ ಹಾಕ್ರಿ” ಎಂದೆ.

“ಹಂಗ ಹಾಕಾಕ ಬರೂದಿಲ್ರಿ ಮೇಡಂ. ಸಹಿ ಮಾಡಿ ಕೊಟ್ಟೀರಿ” ಎಂದರು. ನನಗೆ ಅರ್ಥವಾಗಲಿಲ್ಲ ಎಂದು ನೋಡಿ ಬಿಡಿಸಿ ಹೇಳಿದರು. “ಜರ್ನಲ್ ಅಂದ್ರ ಅತ್ತಿಮನಿ ಅಂತ ತಿಳೀರಿ. ರೆಪಾಸಿಟರಿ ತವರಮನಿ. ಮಗಳನ್ನ ಧಾರಿ ಎರದು ಕೊಟ್ಟ ಮ್ಯಾಲ ತವರಿಗೆ ಕರಕೊಂಡ ಬರಬೇಕಂದ್ರ ಅವರ ಅಪ್ಪಣಿ ಬೇಕು. ಈ ಜರ್ನಲಿನವರು ಒಂದು ವರ್ಷ ತಡೀರಿ ಅಂತಾರ. ವರ್ಷ ಆದ ಮ್ಯಾಲೂ ಅವರು ಹಾಕಿದ ಬಂಗಾರ ಬಿಚ್ಚಿಟ್ಟು ಬರಬೇಕು. ಅಂದ್ರ ಅವರು ಅಚ್ಚು ಮಾಡಿದ ಪುಟ ಹಾಕೂಹಂಗಿಲ್ಲ. ಅವರು ಒಪ್ಪಿದ್ದು ಐತೆಲ್ಲ, ನೀವು ಕೊನೀಗೆ ತಿದ್ದಿ ಕಳಿಸಿದ್ದು, ಅದನ್ನಷ್ಟ ಹಾಕಬಹುದು.”

ಅವರ ಹೋಲಿಕೆ ನನಗೆ ಸೇರಲಿಲ್ಲ. ಹೆಣ್ಣುಮಕ್ಕಳನ್ನು ಕೊಡುವ ತರುವ ಮಾತು ಕೇಳಿದರೆ ನನಗೆ ಮೊದಲಿನಿಂದಲೂ ಮೈ ಉರಿ. ಆದರೆ ಆಮೇಲೆ ಯೋಚಿಸಿದರೆ ಅದಕ್ಕಿಂತ ಸರಿಯಾಗಿ ಹೇಳಲು ಬರುವುದೂ ಇಲ್ಲ. ಒಂದು ಫರಕು ಮಾತ್ರ ಇತ್ತು. ಇಲ್ಲಿ ಮಗಳನ್ನು ಕೊಟ್ಟವಳು ನಾನು, ವರದಕ್ಷಿಣೆಯ ಆಸೆಯೂ ನನ್ನದೇ. ಆ ವರ್ಷವೇ ಬಡ್ತಿ ಸಿಕ್ಕಿತು.

ವರ್ಷ ತುಂಬಿದ ವಾರವೇ ಹಳೆಯ ಕಡತ ತೆಗೆದು ಕೂತೆ. ಭಂಡಾರಕ್ಕೆ ಹಾಕುವ ಪ್ರತಿ ನನ್ನ ಕೈಯಲ್ಲಿತ್ತು. ಜರ್ನಲ್ ಕಿತ್ತು ಹಾಕಿಸಿದ್ದನ್ನು ಇಲ್ಲಿ ಕೇಳುವವರು ಯಾರು? ಇದು ನಮ್ಮ ಮನೆ, ನಮ್ಮ ಬಾಗಿಲು. ಚಿಗವ್ವನ ಪೂರ್ತಿ ಹೆಸರು, ಗಂಡನ ಮನೆತನದ ಹೆಸರು, ಊರು, ಎಲ್ಲ ಸೇರಿಸಿ ಆ ಎರಡು ಸಾಲನ್ನು ಮತ್ತೆ ಅದರ ಜಾಗದಲ್ಲಿ ಕೂಡಿಸಿದೆ. ಕೂಡಿಸುವಾಗ ಕಣ್ಣು ತುಂಬಿ ಬಂತು. ನನ್ನ ಒಳ್ಳೆಯತನಕ್ಕೆ ನಾನೇ ಅತ್ತೆ ಎಂದು ಈಗ ಹೇಳಬಲ್ಲೆ.

ಗ್ರಂಥಪಾಲಕರು ಒಂದು ಫಾರ್ಮು ತುಂಬಿಸಿಕೊಂಡರು. ಇದು ಯಾವ ಪ್ರತಿ ಎನ್ನುವುದು ಅದರಲ್ಲಿದ್ದ ಪ್ರಶ್ನೆ. “ಇದು ಅವರು ಒಪ್ಪಿದ ಪ್ರತೀನ ಹೌದಲ್ರಿ ಮೇಡಂ? ನಡುವ ಏನೂ ಸೇರಿಸಿಲ್ಲಲ್ರಿ?” ಎಂದು ಬಾಯಿಬಿಟ್ಟೂ ಕೇಳಿದರು.

“ಹೌದ್ರಿ ಸರ್, ಅದ” ಎಂದೆ. ಅವರು ನನ್ನ ಮಾತು ನಂಬಿ ಗುಂಡಿ ಒತ್ತಿದರು.

ಅಲ್ಲಿಂದ ಮುಂದೆ ಕೆಲವು ತಿಂಗಳು ನನ್ನ ಹಾರಾಟ ನೋಡಬೇಕಿತ್ತು. ಭಂಡಾರದ ಪುಟದ ಕೆಳಗೆ ಎಷ್ಟು ಜನ ಇಳಿಸಿಕೊಂಡರು ಎನ್ನುವ ಎಣಿಕೆ ಕಾಣುತ್ತದೆ. ಬೆಳಿಗ್ಗೆ ಚಹಾ ಕಪ್ಪು ಹಿಡಿದು ಮೊದಲು ಅದನ್ನು ನೋಡುತ್ತಿದ್ದೆ. ಒಂದು ಏರಿದರೂ ಖುಷಿ. ಜರ್ನಲಿನವರು ಕೀಲಿ ಹಾಕಿ ಇಟ್ಟದ್ದನ್ನು ನಾನು ಬೀದಿಗೆ ತಂದೆ ಎಂದು ಸಹೋದ್ಯೋಗಿಗಳಿಗೆ ಭಾಷಣ ಮಾಡಿದೆ. ಜ್ಞಾನ ಯಾರ ಅಪ್ಪನ ಆಸ್ತಿಯೂ ಅಲ್ಲ ಎಂದೂ ಹೇಳಿದೆ. ಟಿಕೋಟಾಕ್ಕೆ ಹೋಗಿ ಚಿಗವ್ವನಿಗೆ ಓದಿ ಹೇಳುವುದೊಂದು ಬಾಕಿ ಇತ್ತು. ಪರೀಕ್ಷೆ, ಮೌಲ್ಯಮಾಪನ, ನೆಂಟರ ಮದುವೆ, ಅದು ಇದು. ವಿಜಯಪುರದಿಂದ ಟಿಕೋಟಾ ಏನು ಮಹಾ ದೂರ? ಬಸ್ಸು ಹತ್ತಿದರೆ ಮುಗಿಯಿತು. ನಾನು ಹತ್ತಲಿಲ್ಲ.

ಹತ್ತಿದ್ದು ಮುಂದಿನ ಮಣೂಕದ ಹಂಗಾಮಿಗೆ, ಅದೂ ಇನ್ನೊಂದು ಲೇಖನಕ್ಕೆ ಮಾಹಿತಿ ಬೇಕಾಗಿದ್ದರಿಂದ. ನೆಟ್ಟಗೆ ಶೆಡ್ಡಿಗೆ ಹೋದೆ. ಹೆಂಗಸರು ಸಾಲಾಗಿ ಕೂತು ಆರಿಸುತ್ತಿದ್ದರು. ನನ್ನನ್ನು ನೋಡಿದ್ದೇ ಎಲ್ಲರೂ ತಲೆ ತಗ್ಗಿಸಿದರು. ಚಿಗವ್ವ ಇರಲಿಲ್ಲ. ಶೆಡ್ಡಿನ ಮಾಲೀಕ ಎದ್ದು ಬಂದು ಕೈ ಮುಗಿದ.

“ಬರ್ರಿ ಮೇಡಂ, ಬರ್ರಿ. ಕುರ್ಚಿ ಹಾಕ್ರೆಪಾ. ಚಾ ತರ್ರಿ.”

ಅವನ ಗೌರವವೇ ನನಗೆ ಹೆದರಿಕೆ ಹುಟ್ಟಿಸಿತು. ಚಹಾ ಬಂತು. ಅವನು ಮೊಬೈಲ್ ತೆಗೆದು ನನ್ನ ಮುಂದೆ ಹಿಡಿದ. ನಮ್ಮ ಕಾಲೇಜಿನ ಭಂಡಾರದ ಪುಟ.

“ನಮ್ಮ ಮಾಲು ತಗೊಳ್ಳೋ ವ್ಯಾಪಾರಿ ಕಳಿಸ್ಯಾನ್ರಿ. ಟಿಕೋಟಾ ಮಣೂಕ ಅಂತ ಹುಡುಕಿದ್ರ ನಿಮ್ದ ಮೊದಲ ಬರ್ತೈತಂತ. ಪುಕ್ಕಟೆ ಬ್ಯಾರೆ. ನಮಗ ಇಂಗ್ಲಿಷ್ ಎಲ್ಲಿ ಬರ್ತೈತ್ರಿ? ಫೋನ ಕನ್ನಡಾ ಮಾಡಿ ಕೊಡ್ತು. ಭಾಳ ಛಲೋ ಬರದೀರಿ.” ಅವನು ಬೆರಳಿನಿಂದ ಪುಟ ಜಾರಿಸಿ ಕೊನೆಗೆ ಬಂದ. “ಹೊಗಿ ಕೊಡ್ತಾರ ಅಂತ ಬರದೀರಿ, ಕೆಮ್ಮು ಬರ್ತೈತಿ ಅಂತ ಬರದೀರಿ. ಯಾರು ಹೇಳಿದ್ರು ಅನ್ನೂದನ್ನೂ ಮರೀದ ಬರದೀರಿ. ನಮಗ ಹುಡುಕೂ ತ್ರಾಸ ತಪ್ಪಿಸಿದ್ರಿ.”

“ಆಕಿ ಎಲ್ಲಿ ಅದಾಳ್ರಿ?” ಎಂದೆ.

“ಗೊತ್ತಿಲ್ರಿ. ನಾಳಿಂದ ಬರಬ್ಯಾಡ ಅಂದೆ, ಬರಲಿಲ್ಲ. ಬ್ಯಾರೆ ಶೆಡ್ಡಿನವ್ರೂ ತಗೊಳ್ಳಲಿಲ್ಲಂತ. ಊರು ಸಣ್ಣದು ನೋಡ್ರಿ.”

ಒಳಗಿನ ಕೋಣೆಯ ಬಾಗಿಲು ಆಗಷ್ಟೇ ತೆರೆದಿದ್ದರು. ಗಂಧಕದ ಘಾಟು ನನ್ನ ಗಂಟಲಿಗೂ ಬಂತು. ಇಬ್ಬರು ಹೆಂಗಸರು ಸೆರಗು ಕಟ್ಟಿಕೊಂಡು ಒಳಗೆ ಹೋದರು. ನಾನು ಏನಾದರೂ ಅನ್ನಬೇಕಿತ್ತು. ಚಹಾ ಮುಗಿಸಿ ಕಪ್ಪು ಕೆಳಗಿಟ್ಟೆ. ಹೊರಡುವಾಗ ಅವನು ಒಂದು ಪೊಟ್ಟಣ ಮಣೂಕ ಕೈಯಲ್ಲಿಟ್ಟ. ಶೆಡ್ಡಿಗೆ ಬಂದವರನ್ನು ಬರಿಗೈಯಲ್ಲಿ ಕಳಿಸಬಾರದು ಎನ್ನುವುದು ಅಲ್ಲಿಯ ರೀತಿ. ರೂಢಿಯಂತೆ ಕೈ ಚಾಚಿ ತೆಗೆದುಕೊಂಡೆ, ಥ್ಯಾಂಕ್ಸ್ ಎಂದೂ ಹೇಳಿದೆ. ಇದನ್ನು ಬರೆಯುವಾಗಲೂ ಆ ಕೈ ಕತ್ತರಿಸಿಕೊಳ್ಳಬೇಕು ಅನ್ನಿಸುತ್ತದೆ. ಪೊಟ್ಟಣವನ್ನು ಬಸ್ಸಿನ ಸೀಟಿನ ಮೇಲೆ ಬಿಟ್ಟು ಇಳಿದೆ.

ನೇರ ಗ್ರಂಥಾಲಯಕ್ಕೆ ಹೋದೆ. ನಡೆದದ್ದನ್ನೆಲ್ಲ ಹೇಳಿದೆ, ಸುಳ್ಳು ಹೇಳಿ ಹಾಕಿಸಿದ್ದನ್ನೂ ಹೇಳಿದೆ. ಗ್ರಂಥಪಾಲಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಕಡತವನ್ನು ಭಂಡಾರದಿಂದ ಹಿಂತೆಗೆದರು.

“ಇಲ್ಲಿಂದ ತಗದೇನ್ರಿ. ಇಳಿಸಿಕೊಂಡವರ ಫೋನಿನಾಗಿಂದ ಹೆಂಗ ತಗೀಲಿ?” ಎಂದರು. ಕನ್ನಡಕ ಮತ್ತೆ ಹಾಕಿಕೊಂಡು, “ಜರ್ನಲಿನವರನ್ನ ನಾವು ಕಳ್ಳರು ಅಂತೀವಿ. ಖರೇನೂ ಹೌದು, ನಮ್ಮ ಮಾಲು ನಮಗ ಮಾರ್ತಾರ. ಆದ್ರ ಆ ಹೆಸರು ತಗೀರಿ ಅಂದಿದ್ರಲ್ಲ, ಆ ಒಂದು ಮಾತು ಆಕಿ ಸಲವಾಗಿ ಅಂದಿದ್ರು” ಎಂದರು.

ಕಾಣದ ದೇಶದ ಯಾರೋ ಪರಿಶೀಲಕರು, ಟಿಕೋಟಾ ಎಲ್ಲಿದೆ ಎಂದೂ ಗೊತ್ತಿಲ್ಲದವರು, ಚಿಗವ್ವನ ಹೊಟ್ಟೆಯ ಚಿಂತೆ ಮಾಡಿದ್ದರು. ಅವಳ ಕಟ್ಟೆಯ ಮೇಲೆ ಕೂತು ಅವಳ ರೊಟ್ಟಿ ತಿಂದ ನಾನು ಮಾಡಲಿಲ್ಲ. ಹಾಗೆಂದು ಜರ್ನಲಿನವರನ್ನು ಈಗ ಹೊಗಳುತ್ತೇನೆ ಎಂದಲ್ಲ. ಅವರು ಕೀಲಿ ಹಾಕಿ ಇಟ್ಟದ್ದನ್ನು ಯಾರೂ ಓದಲಿಲ್ಲ, ಅದರಿಂದ ನನಗೆ ಬಡ್ತಿ ಬಂತು. ನಾನು ತೆರೆದಿಟ್ಟದ್ದನ್ನು ಓದಬಾರದವನು ಓದಿದ, ಅದರಿಂದ ಅವಳ ಕೆಲಸ ಹೋಯಿತು. ಎರಡರಿಂದಲೂ ನನ್ನ ಕೂದಲು ಕೊಂಕಲಿಲ್ಲ.

ಚಿಗವ್ವ ಬಬಲೇಶ್ವರದಲ್ಲಿದ್ದಾಳೆ ಎಂದು ತಿಳಿಯಲು ಎರಡು ತಿಂಗಳು ಹಿಡಿಯಿತು. ಅಲ್ಲಿ ಅವಳ ಅಕ್ಕನ ಮನೆ. ಸಂತೆಯ ದಿನ ಪಲ್ಯ, ಸೊಪ್ಪು ಮಾರುತ್ತಾಳೆ ಎಂದರು. ಹೋದೆ. ಸಂತೆಯ ತುದಿಯಲ್ಲಿ, ಜೀಪುಗಳು ನಿಲ್ಲುವ ಕಡೆ, ಗೋಣಿತಟ್ಟಿನ ಮೇಲೆ ಮೆಂತೆ, ರಾಜಗಿರಿ ಹರವಿಕೊಂಡು ಕೂತಿದ್ದಳು. ನನ್ನನ್ನು ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು.

“ಬರ್ರಿ ಅಕ್ಕೋರ, ಕುಂಡ್ರಿ” ಎಂದು ಗೋಣಿತಟ್ಟಿನ ಅಂಚನ್ನು ನನಗೆ ಬಿಟ್ಟುಕೊಟ್ಟಳು.

“ಚಿಗವ್ವಾ, ತಪ್ಪಾತು” ಎಂದೆ.

ಅವಳು ಮೆಂತೆಯ ಮೇಲೆ ನೀರು ಚಿಮುಕಿಸಿದಳು. “ಅದರಾಗ ನನ್ನ ಬಗ್ಗೆ ಏನ ಬರದಿದ್ರಿ? ಆ ಮನಷ್ಯಾ ಫೋನ ಹಿಡಕೊಂಡು ಒದರಾಡಿದಾ, ನನಗೊಂದೂ ತಿಳೀಲಿಲ್ಲ. ನೀವು ಓದಿ ಹೇಳ್ತೀನಿ ಅಂದಿದ್ರಿ. ಈಗರ ಹೇಳ್ರಿ.”

ನಾನು ಮೊಬೈಲ್ ತೆಗೆದೆ. ಭಂಡಾರದ ಪುಟದಲ್ಲಿ ಲೇಖನದ ಹೆಸರು, ನನ್ನ ಹೆಸರು ಉಳಿದಿದ್ದವು, ಕೆಳಗೆ ‘ಹಿಂತೆಗೆಯಲಾಗಿದೆ’ ಎಂಬ ಸಾಲು. ಜರ್ನಲಿನ ಪುಟ ತೆರೆದೆ. ಅದು ಎಂದಿನಂತೆ ದುಡ್ಡು ಕೇಳಿತು. ಮೊಬೈಲ್ ಚೀಲದಲ್ಲಿಟ್ಟು ನೆನಪಿನಿಂದಲೇ ಹೇಳಿದೆ, ಮೊದಲ ಸಲ ಕನ್ನಡದಲ್ಲಿ. ಟಿಕೋಟಾದ ಇಂಥವರು, ಅವರ ಹೆಸರು ಇಂಥದ್ದು, ಈ ಲೇಖನದ ಮೊದಲ ಮಾತೂ ಕೊನೆಯ ಮಾತೂ ಅವರದು. ನಾನು ಕೇಳಿ ಬರೆದುಕೊಂಡವಳು ಮಾತ್ರ, ಅವರ ಋಣ ನನ್ನ ಮೇಲಿದೆ.

“ಇಷ್ಟ ಏನ್ರಿ?” ಎಂದಳು.

“ಇಷ್ಟ.”

“ಅವನ ಸಿಟ್ಟ ನೋಡಿ ಭಾಳ ಬರದೀರಿ ಅಂತ ತಿಳದಿದ್ದೆ.” ಒಬ್ಬ ಹೆಂಗಸು ಬಂದು ರಾಜಗಿರಿ ಕೇಳಿದಳು, ಕೊಟ್ಟು ಕಳಿಸಿದಳು. ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು, “ಹೊಗಿ ಇಳಿಯೂ ಮುಂಚೆ ಒಳಗ ಕಳಸ್ತಾರಂತ ಹೇಳಿದ್ನಲ್ರಿ. ಅದು ನಿಂತೈತೇನ್ರಿ?”

ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತ ನಾನು ನೋಡಿದ ಆ ಬಾಗಿಲು, ಒಳಗೆ ಹೋದ ಆ ಇಬ್ಬರು ನೆನಪಾದರು.

“ಇಲ್ಲ ಚಿಗವ್ವಾ.”

“ಮತ್ತ ಯಾರ ಸಲವಾಗಿ ಬರದ್ರಿ ಅಕ್ಕೋರ?”

ಸಿಟ್ಟು ಅವಳ ಮುಖದಲ್ಲಿ ಇರಲಿಲ್ಲ. ನಿಜವಾಗಿ ತಿಳಿದುಕೊಳ್ಳಬೇಕು ಎಂದೇ ಕೇಳಿದ್ದಳು, ಕೇಳಿ ನನ್ನ ಮುಖ ನೋಡುತ್ತ ಕಾದಳು. ಜರ್ನಲಿನವರ ಫಾರ್ಮು ತುಂಬಿದ್ದೆ, ಭಂಡಾರದ ಫಾರ್ಮೂ ತುಂಬಿದ್ದೆ. ಈ ಪ್ರಶ್ನೆ ಎರಡರಲ್ಲೂ ಇರಲಿಲ್ಲ. ನಾನು ಎರಡು ಕಟ್ಟು ಮೆಂತೆ ತೆಗೆದುಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದೆ.